ಬಹುಮಾನದ ಪ್ರಶ್ನೆಪತ್ರಿಕೆ ಬರೆಯುವವರು ಯಾರು?

ಕಲಿಕೆಯ ಹೊಸ ಸಾಧನಗಳಿಗೆ ಕೋಟಿಗಟ್ಟಲೆ ಹಣ ಕೊಡುವ ಸ್ಪರ್ಧೆಗಳು ನಡೆಯುತ್ತಲೇ ಇವೆ. ಗೆದ್ದ ಸಾಧನ ಕೊಡಗಿನ ಹುದಿಕೇರಿಯಂಥ ಊರಿನ ಜುಲೈ ತಿಂಗಳನ್ನು ದಾಟೀತೇ ಎಂದು ಕೇಳುವ ತೀರ್ಪುಗಾರರು ಮಾತ್ರ ಅಪರೂಪ.

ಮಳೆಗಾಲ ಬಂತೆಂದರೆ ಕೊಡಗಿನ ಪತ್ರಿಕೆಗಳಲ್ಲಿ ಹೋಬಳಿವಾರು ಮಳೆಯ ಪಟ್ಟಿ ಬರುತ್ತದೆ. ವಿರಾಜಪೇಟೆ, ಅಮ್ಮತ್ತಿ, ಪೊನ್ನಂಪೇಟೆ, ಬಾಳೆಲೆ, ಶ್ರೀಮಂಗಲ, ಹುದಿಕೇರಿ. ಪೊನ್ನಂಪೇಟೆಯಿಂದ ಶ್ರೀಮಂಗಲದ ಕಡೆಗೆ ಹೋಗುವ ದಾರಿಯಲ್ಲಿರುವ ಹುದಿಕೇರಿಯ ಹೆಸರನ್ನು ಜಿಲ್ಲೆಯ ಹೊರಗಿನವರು ಓದುವುದು ಹೆಚ್ಚಾಗಿ ಆ ಪಟ್ಟಿಯಲ್ಲಿಯೇ. ಮೊದಲು ವಿರಾಜಪೇಟೆ ತಾಲ್ಲೂಕಿನಲ್ಲಿದ್ದ ಈ ಹೋಬಳಿ ಈಗ ಪೊನ್ನಂಪೇಟೆ ತಾಲ್ಲೂಕಿಗೆ ಸೇರಿದೆ. ತಾಲ್ಲೂಕು ಬದಲಾದರೂ ಮಳೆ ಬದಲಾಗಿಲ್ಲ. ಜೂನ್ ನಡುವಿನಿಂದ ಕಕ್ಕಡ ತಿಂಗಳು ಮುಗಿಯುವ ತನಕ ಇಲ್ಲಿನ ದಿನಚರಿಯನ್ನು ಗಾಳಿಮಳೆಯೇ ಬರೆಯುತ್ತದೆ. ತೋಟದ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಕರೆಂಟು ಹೋಯಿತು. ಟವರಿನ ಬ್ಯಾಟರಿ ಇಳಿದರೆ ಸಿಗ್ನಲ್ಲೂ ಹೋಯಿತು. ಜಿಲ್ಲಾಧಿಕಾರಿ ರಜೆ ಸಾರಿದರೆ ಆ ದಿನ ಶಾಲೆಯೂ ಇಲ್ಲ.

ಇಂಥ ಊರಿನ ಮಗುವಿನ ಕೈಗೆ ಓದು ಕಲಿಸುವ ಸಾಧನವೊಂದನ್ನು ಕೊಡಬೇಕು ಎಂದುಕೊಳ್ಳೋಣ. ಅದಕ್ಕೆ ನಿರಂತರ ಇಂಟರ್‌ನೆಟ್ ಬೇಕಾದರೆ ಮೊದಲ ವಾರದಲ್ಲೇ ನಿಂತಿತು. ದಿನಕ್ಕೊಮ್ಮೆ ಚಾರ್ಜ್ ಬೇಕಾದರೆ ಎರಡನೇ ವಾರ. ಮಗುವಿನ ಮನೆಮಾತು ಯಾವುದೆಂದು ತಿಳಿಯದಿದ್ದರೆ ಬಿಸಿಲಿನಲ್ಲೂ ಓಡುವುದಿಲ್ಲ. ಇಷ್ಟು ಸರಳವಾದ ಸಂಗತಿಗಳು ಬೆಂಗಳೂರಿನ ಹವಾನಿಯಂತ್ರಿತ ಸಭಾಂಗಣದಲ್ಲಿ ನಡೆಯುವ ಹತ್ತು ನಿಮಿಷದ ‘ಪಿಚ್’ನಲ್ಲಿ ಕಾಣುವುದಿಲ್ಲ. ಅಲ್ಲಿ ವೈಫೈ ಚೆನ್ನಾಗಿರುತ್ತದೆ.

ಹಾಗಾದರೆ ಸ್ಪರ್ಧೆಗಳಿಂದ ಪ್ರಯೋಜನವೇ ಇಲ್ಲವೇ? ಇದೆ. ಆದರೆ ಬಹುಮಾನದ ಮೊತ್ತಕ್ಕಿಂತ ಎರಡು ಸಂಗತಿಗಳು ಮುಖ್ಯವಾಗುತ್ತವೆ: ಪರೀಕ್ಷೆ ಎಲ್ಲಿ ನಡೆಯಿತು, ಪ್ರಶ್ನೆ ಬರೆದವರು ಯಾರು. ಇದಕ್ಕೆ ಜಗತ್ತಿನ ದೊಡ್ಡ ಉದಾಹರಣೆಯೊಂದರಲ್ಲಿ ಬೆಂಗಳೂರಿನದೇ ಒಂದು ತಂಡವಿತ್ತು.

ಟಾಂಗಾದ ಹದಿನೈದು ತಿಂಗಳು

2014ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಕ್ಸ್‌ಪ್ರೈಜ್ ಪ್ರತಿಷ್ಠಾನ ‘ಗ್ಲೋಬಲ್ ಲರ್ನಿಂಗ್ ಎಕ್ಸ್‌ಪ್ರೈಜ್’ ಎಂಬ ಸ್ಪರ್ಧೆ ಘೋಷಿಸಿತು. ಒಟ್ಟು ಮೊತ್ತ 1.5 ಕೋಟಿ ಡಾಲರ್. ಹಣ ಕೊಟ್ಟವರು ಎಲಾನ್ ಮಸ್ಕ್. ಸವಾಲು ಹೀಗಿತ್ತು: ಶಾಲೆಯೇ ಇಲ್ಲದ ಹಳ್ಳಿಯಲ್ಲಿ, ಶಿಕ್ಷಕರ ನೆರವಿಲ್ಲದೆ, ಮಕ್ಕಳು ತಾವಾಗಿಯೇ 15 ತಿಂಗಳಲ್ಲಿ ಓದು, ಬರಹ, ಲೆಕ್ಕದ ಮೊದಲ ಮೆಟ್ಟಿಲು ಹತ್ತುವಂತೆ ಮಾಡುವ ತಂತ್ರಾಂಶ ಬೇಕು. ಸುಮಾರು 40 ದೇಶಗಳಿಂದ ಹತ್ತಿರ ಹತ್ತಿರ 200 ತಂಡಗಳು ಮುಂದೆ ಬಂದವು. ಅವು 11ಕ್ಕೆ ಇಳಿದು, 2017ರಲ್ಲಿ ಐದಾದವು. ನ್ಯೂಯಾರ್ಕಿನ ಸಿಸಿಐ, ಪಿಟ್ಸ್‌ಬರ್ಗಿನ ರೋಬೋಟ್ಯೂಟರ್, ಲಂಡನ್ನಿನ ಒನ್‌ಬಿಲಿಯನ್, ಬರ್ಕ್ಲಿ ಮತ್ತು ಸೋಲ್ ನಗರಗಳ ನಂಟಿನ ಕಿಟ್‌ಕಿಟ್ ಸ್ಕೂಲ್. ಐದನೆಯದು ಬೆಂಗಳೂರಿನ ಚಿಂಪಲ್. ಐದಕ್ಕೂ ತಲಾ 10 ಲಕ್ಷ ಡಾಲರ್ ಸಿಕ್ಕಿತು.

ಈ ಸ್ಪರ್ಧೆಯನ್ನು ಮಿಕ್ಕವುಗಳಿಂದ ಬೇರೆ ಮಾಡಿದ್ದು ಪರೀಕ್ಷೆ ನಡೆದ ಜಾಗ. ತಾಂಜಾನಿಯಾದ ಟಾಂಗಾ ಪ್ರಾಂತ್ಯದ ಸುಮಾರು 170 ಹಳ್ಳಿಗಳು, ಮೂರು ಸಾವಿರದಷ್ಟು ಮಕ್ಕಳು, ಗೂಗಲ್ ಕೊಟ್ಟ ಟ್ಯಾಬ್ಲೆಟ್‌ಗಳು, ಹಳ್ಳಿಗೊಂದು ಸೌರ ಚಾರ್ಜಿಂಗ್ ವ್ಯವಸ್ಥೆ. ಯುನೆಸ್ಕೊ, ವಿಶ್ವ ಆಹಾರ ಕಾರ್ಯಕ್ರಮ ಮತ್ತು ತಾಂಜಾನಿಯಾ ಸರ್ಕಾರ ಜೊತೆಗಿದ್ದವು. ಭಾಷೆ ಸ್ವಾಹಿಲಿ. ಅಂತಿಮ ತೀರ್ಪು ಕೊಟ್ಟದ್ದು ಮಕ್ಕಳೇ: ಟ್ಯಾಬ್ಲೆಟ್ ಕೊಡುವ ಮೊದಲೊಮ್ಮೆ, ಕೊಟ್ಟು 15 ತಿಂಗಳಾದ ಮೇಲೊಮ್ಮೆ ಅವರ ಓದು, ಲೆಕ್ಕವನ್ನು ಅಳೆಯಲಾಯಿತು. ಯಾರ ತಂತ್ರಾಂಶ ಬಳಸಿದ ಮಕ್ಕಳು ಹೆಚ್ಚು ಮುಂದೆ ಹೋದರೋ ಅವರಿಗೆ ಬಹುಮಾನ. 2019ರ ಮೇ ತಿಂಗಳಲ್ಲಿ ಫಲಿತಾಂಶ ಬಂತು. ಕಿಟ್‌ಕಿಟ್ ಮತ್ತು ಒನ್‌ಬಿಲಿಯನ್ ಒಂದು ಕೋಟಿ ಡಾಲರನ್ನು ಸಮನಾಗಿ ಹಂಚಿಕೊಂಡವು. ಚಿಂಪಲ್‌ಗೆ ಅಂತಿಮ ಬಹುಮಾನ ಬರಲಿಲ್ಲ. ಆದರೆ ನಿಯಮದ ಪ್ರಕಾರ ಐದೂ ತಂಡಗಳ ತಂತ್ರಾಂಶದ ಮೂಲಸಂಕೇತ ಮುಕ್ತವಾಯಿತು. ಯಾರು ಬೇಕಾದರೂ ತೆಗೆದುಕೊಂಡು ತಮ್ಮ ಭಾಷೆಗೆ ಒಗ್ಗಿಸಿಕೊಳ್ಳಬಹುದು. ಸಾರ್ವಜನಿಕರ ದೃಷ್ಟಿಯಿಂದ ನೋಡಿದರೆ ಆ ಒಂದು ಷರತ್ತಿನ ಬೆಲೆ ಬಹುಮಾನಕ್ಕಿಂತ ಹೆಚ್ಚು.

ಪ್ರಯೋಗಕ್ಕೆ ಮೊದಲು ಆ ಮಕ್ಕಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಸ್ವಾಹಿಲಿಯ ಒಂದು ಪದವನ್ನೂ ಓದಲು ಬರುತ್ತಿರಲಿಲ್ಲ. 15 ತಿಂಗಳ ನಂತರ ಆ ಪ್ರಮಾಣ ಅರ್ಧಕ್ಕೆ ಇಳಿಯಿತು. ಇದನ್ನು ಎರಡು ರೀತಿಯಲ್ಲಿ ಓದಬಹುದು. ಬಹುಪಾಲು ಶಾಲೆಯ ಮುಖವನ್ನೇ ಕಾಣದ ಮಕ್ಕಳಲ್ಲಿ ಇಷ್ಟೊಂದು ಮಂದಿ ಅಕ್ಷರ ಹಿಡಿದದ್ದು ದೊಡ್ಡ ವಿಷಯ. ಜಗತ್ತಿನ ಅತ್ಯುತ್ತಮ ಐದು ತಂತ್ರಾಂಶಗಳು ಒಂದೂಕಾಲು ವರ್ಷ ಜೊತೆಗಿದ್ದೂ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳು ಒಂದು ಪದವನ್ನೂ ಓದಲಾರದೆ ಉಳಿದದ್ದೂ ಅಷ್ಟೇ ದೊಡ್ಡ ವಿಷಯ. ಜಾಹೀರಾತು ಮೊದಲನೆಯದನ್ನು ಹೇಳುತ್ತದೆ. ಶಾಲೆ ನಡೆಸುವವರು ಎರಡನ್ನೂ ತಿಳಿದಿರಬೇಕು. ಎರಡೂ ಬೆಳಕಿಗೆ ಬಂದದ್ದು ಪರೀಕ್ಷೆ ಹಳ್ಳಿಯಲ್ಲಿ ನಡೆದದ್ದರಿಂದ.

ಬಹುಮಾನವೆಂಬ ಹಳೆಯ ಉಪಾಯ

ಸಮಸ್ಯೆ ಒಡ್ಡಿ, ಬಿಡಿಸಿದವರಿಗೆ ಹಣ ಎನ್ನುವುದು ಹೊಸ ಯೋಚನೆಯಲ್ಲ. ಸಮುದ್ರದ ನಡುವೆ ಹಡಗಿನ ರೇಖಾಂಶ ಕಂಡುಹಿಡಿಯಲು ಬ್ರಿಟಿಷ್ ಸಂಸತ್ತು 1714ರಲ್ಲಿ 20 ಸಾವಿರ ಪೌಂಡ್‌ವರೆಗೆ ಬಹುಮಾನ ಸಾರಿತ್ತು. ಖಗೋಳಶಾಸ್ತ್ರಜ್ಞರು ನಕ್ಷತ್ರಗಳಲ್ಲಿ ಉತ್ತರ ಹುಡುಕುತ್ತಿದ್ದಾಗ ಜಾನ್ ಹ್ಯಾರಿಸನ್ ಎಂಬ ಬಡಗಿಯ ಮಗ ಕಡಲ ಅಲುಗಾಟಕ್ಕೂ ತಪ್ಪದ ಗಡಿಯಾರ ಮಾಡಿಕೊಟ್ಟ. ಯಾರೂ ನಿರೀಕ್ಷಿಸದ ಕಡೆಯಿಂದ ಉತ್ತರ ಬರಲು ಬಾಗಿಲು ತೆರೆದಿಡುವುದೇ ಬಹುಮಾನದ ನಿಜವಾದ ಗುಣ.

ಶಿಕ್ಷಣ ಕ್ಷೇತ್ರದಲ್ಲಿ ಹಣ ಮೂರು ದಾರಿಯಲ್ಲಿ ಬರುತ್ತದೆ. ಮೊದಲನೆಯದು ಯೋಚನೆ ನೋಡಿ ಮುಂಗಡವಾಗಿ ಕೊಡುವ ಗ್ರಾಂಟ್. 2013ರಲ್ಲಿ ಭಾರತದಲ್ಲಿ ಗೂಗಲ್ ನಡೆಸಿದ ‘ಇಂಪ್ಯಾಕ್ಟ್ ಚಾಲೆಂಜ್’ ಇಂಥದ್ದು. ನಾಲ್ಕು ಸಂಸ್ಥೆಗಳಿಗೆ ತಲಾ 3 ಕೋಟಿ ರೂಪಾಯಿ ಬಂತು. ಅದರಲ್ಲೊಂದು ಬೆಂಗಳೂರಿನ ಅಗಸ್ತ್ಯ ಅಂತರರಾಷ್ಟ್ರೀಯ ಪ್ರತಿಷ್ಠಾನ. ವಿಜ್ಞಾನದ ಮಾದರಿಗಳನ್ನು ಮೋಟಾರ್ ಬೈಕಿಗೆ ಕಟ್ಟಿಕೊಂಡು ಶಾಲೆಯಿಂದ ಶಾಲೆಗೆ ಹೋಗುವ ಸಂಚಾರಿ ಪ್ರಯೋಗಾಲಯ ಅವರದು. ಬಸ್ಸು ಹೋಗದ ತೋಟದ ದಾರಿಗೂ ಬೈಕು ಹೋಗುತ್ತದೆ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಎಕ್ಸ್‌ಪ್ರೈಜ್‌ನಂತೆ ಫಲ ಕಂಡಮೇಲೆ ಕೊಡುವ ಬಹುಮಾನ. ಮೂರನೆಯದು ಆಗಲೇ ಮಾಡಿ ಮುಗಿಸಿದ ಕೆಲಸಕ್ಕೆ ಸಲ್ಲುವ ಮನ್ನಣೆ. 2020ರ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದ ರಂಜಿತ್‌ಸಿಂಹ ಡಿಸಳೆ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯಲ್ಲಿದ್ದರು. ಪಠ್ಯದ ಭಾಷೆ ಮಕ್ಕಳ ಮನೆಮಾತಾದ ಕನ್ನಡವಾಗಿರಲಿಲ್ಲ, ಡಿಸಳೆ ಆ ಮಾತು ಕಲಿತು ಪಾಠಗಳನ್ನು ಅದಕ್ಕೆ ತಂದರು, ಪುಸ್ತಕದ ಪುಟಗಳಿಗೆ ಕ್ಯೂಆರ್ ಕೋಡ್ ಅಂಟಿಸಿ ಧ್ವನಿ, ವಿಡಿಯೊ ಜೋಡಿಸಿದರು ಎಂದು ಪ್ರಶಸ್ತಿ ಸಂಸ್ಥೆ ವಿವರಿಸಿತು. ಕ್ಯೂಆರ್ ಕೋಡ್ ಮಹಾರಾಷ್ಟ್ರದ ಪಠ್ಯಪುಸ್ತಕಗಳಿಗೂ ಎನ್‌ಸಿಇಆರ್‌ಟಿ ಪುಸ್ತಕಗಳಿಗೂ ಬಂದದ್ದು ಆ ಪ್ರಶಸ್ತಿಗಿಂತ ಮೊದಲೇ. 10 ಲಕ್ಷ ಡಾಲರಿನಲ್ಲಿ ಅರ್ಧವನ್ನು ಅವರು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು.

ಈ ಮೂರಕ್ಕೂ ಹೊರಗಿನದು ಹೂಡಿಕೆದಾರರ ಹಣ. ಕೊಡಗಿನ ಗಡಿಯಾಚೆಗಿನ ಕಣ್ಣೂರು ಜಿಲ್ಲೆಯ ಅಳಿಕ್ಕೋಡಿನಿಂದ ಬಂದ ಬೈಜು ರವೀಂದ್ರನ್ ಬೆಂಗಳೂರಿನಲ್ಲಿ ಕಟ್ಟಿದ ‘ಬೈಜೂಸ್’ 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿತು. 2024ರ ಜುಲೈಯಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ ದಿವಾಳಿ ಪ್ರಕ್ರಿಯೆಗೆ ಸಿಕ್ಕಿತು. ಮಾರಾಟದ ವೇಗಕ್ಕೆ ಬಂದ ಹಣ ಮಾರಾಟವನ್ನೇ ಬೆಳೆಸುತ್ತದೆ. ಚಂದಾ ಕಟ್ಟಲಾರದ, ತೋಟದ ಕಾರ್ಮಿಕರ ಲೈನ್‌ಮನೆಯ ಮಗು ಆ ಲೆಕ್ಕದೊಳಗೆ ಬರುವುದಿಲ್ಲ. ಬಹುಮಾನದ ಹಣ, ಸರ್ಕಾರದ ಹಣ ಬೇಕಾಗುವುದು ಅಲ್ಲಿಯೇ.

ಹುದಿಕೇರಿಯಿಂದ ಅರ್ಜಿ ಹಾಕುವವರು

ಕರ್ನಾಟಕದಲ್ಲಿ ಇಂಥ ಹಣಕ್ಕೆ ಬಾಗಿಲುಗಳು ಕಡಿಮೆಯೇನಿಲ್ಲ. ರಾಜ್ಯ ಸರ್ಕಾರ 2017ರಲ್ಲಿ ಆರಂಭಿಸಿದ ‘ಎಲಿವೇಟ್’ ಸ್ಪರ್ಧೆಯಲ್ಲಿ ಆಯ್ಕೆಯಾದ ಸ್ಟಾರ್ಟಪ್‌ಗೆ 50 ಲಕ್ಷ ರೂಪಾಯಿವರೆಗೆ ಅನುದಾನ. ಕಂಪನಿಯಲ್ಲಿ ಪಾಲು ಕೇಳುವುದಿಲ್ಲ, ಹಣ ಹಿಂದಿರುಗಿಸಬೇಕಾಗಿಲ್ಲ. ಕೃಷಿ, ಆರೋಗ್ಯದ ಜೊತೆಗೆ ಶಿಕ್ಷಣದ ಯೋಚನೆಗಳೂ ಅಲ್ಲಿ ಸ್ಪರ್ಧಿಸಬಹುದು. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಶಾಲೆಗಳು ಅರ್ಜಿ ಹಾಕಿ ಗೆದ್ದರೆ 20 ಲಕ್ಷ ರೂಪಾಯಿವರೆಗೆ ನೆರವು. ‘ಇನ್‌ಸ್ಪೈರ್ ಮಾನಕ್’ ಯೋಜನೆಯಲ್ಲಿ ವಿದ್ಯಾರ್ಥಿಯ ಸ್ವಂತ ಯೋಚನೆ ಆಯ್ಕೆಯಾದರೆ ಮಾದರಿ ಮಾಡಲು 10 ಸಾವಿರ ರೂಪಾಯಿ.

ಇವೆಲ್ಲಕ್ಕಿಂತ ಹಳೆಯದು, ಸದ್ದಿಲ್ಲದೆ ನಡೆದುಬಂದದ್ದು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ. 1977ರಿಂದ ಈ ಮಂಡಳಿ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳಿಂದ ಪ್ರಸ್ತಾವ ಕರೆದು, ಆಯ್ದವುಗಳಿಗೆ ಸಣ್ಣ ಮೊತ್ತದ ನೆರವು ಕೊಟ್ಟು, ಕೊನೆಯಲ್ಲಿ ರಾಜ್ಯಮಟ್ಟದ ಪ್ರದರ್ಶನ ನಡೆಸಿ ಉತ್ತಮವಾದವನ್ನು ಗುರುತಿಸುತ್ತಿದೆ. ಸ್ಟಾರ್ಟಪ್ ಎಂಬ ಮಾತು ನಮ್ಮ ಪತ್ರಿಕೆಗಳಿಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನ ಕಥೆ ಇದು. ಹುದಿಕೇರಿಗೆ ಹತ್ತಿರದ ಪೊನ್ನಂಪೇಟೆಯಲ್ಲೇ ಎಂಜಿನಿಯರಿಂಗ್ ಕಾಲೇಜಿದೆ.

ಬಾಗಿಲು ಇದೆ, ಆದರೆ ಹೊಸ್ತಿಲು ಎತ್ತರ. ಸ್ಟಾರ್ಟಪ್ ಅನುದಾನಕ್ಕೆ ನೋಂದಾಯಿತ ಕಂಪನಿ ಇರಬೇಕು. ಕಂಪನಿಗಳ ಸಾಮಾಜಿಕ ಹೊಣೆಯ (ಸಿಎಸ್ಆರ್) ಹಣಕ್ಕೆ ನೋಂದಾಯಿತ ಸಂಸ್ಥೆ, ಅದರ ಬೆನ್ನಿಗೆ ಲೆಕ್ಕಪತ್ರದ ಸರಮಾಲೆ ಇರಬೇಕು. ಅರ್ಜಿ, ವಿಡಿಯೊ, ಮಂಡನೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಯಾವ ಮಗು ಎಲ್ಲಿ ಎಡವುತ್ತದೆ ಎಂದು ನಿಜವಾಗಿ ಗೊತ್ತಿರುವುದು ಸರ್ಕಾರಿ ಶಾಲೆಯ ಶಿಕ್ಷಕಿಗೆ. ಆಕೆ ಕಂಪನಿ ತೆರೆಯಲಾರಳು. ಆಕೆಗೆ ಇರುವುದು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ (ಐಸಿಟಿ) ಬಳಸುವ ಶಿಕ್ಷಕರ ರಾಷ್ಟ್ರೀಯ ಪ್ರಶಸ್ತಿಯಂಥ ಮನ್ನಣೆಯ ದಾರಿ ಮಾತ್ರ. ಅದು ಗೌರವ ತರುತ್ತದೆ. ಸಾಧನವನ್ನು ಮುಂದಿನ ನೂರು ಶಾಲೆಗಳಿಗೆ ಒಯ್ಯುವ ಹಣ ತರುವುದಿಲ್ಲ. ಸಮಸ್ಯೆ ಗೊತ್ತಿರುವವರು ಒಂದು ಕಡೆ, ಅರ್ಜಿ ಬರೆಯಬಲ್ಲವರು ಇನ್ನೊಂದು ಕಡೆ ಉಳಿದುಬಿಟ್ಟಿದ್ದಾರೆ.

ಉಪಗ್ರಹದಿಂದ ಟ್ಯಾಬ್ಲೆಟ್‌ವರೆಗೆ

ಹೊಸ ಸಾಧನ ಬಂದಾಗಲೆಲ್ಲ ಶಿಕ್ಷಣ ಬದಲಾಗಿಬಿಡುತ್ತದೆ ಎಂಬ ಮಾತನ್ನು ಕರ್ನಾಟಕ ಹಲವು ಬಾರಿ ಕೇಳಿದೆ. 2004ರ ಸೆಪ್ಟೆಂಬರ್ 20ರಂದು ಇಸ್ರೊ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹ ಹಾರಿಸಿತು. ಮೈಸೂರಿನಾಚೆಯ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಪ್ರಸಾರವಾಯಿತು. 2010ರಲ್ಲಿ ಉಪಗ್ರಹ ನಿವೃತ್ತವಾಯಿತು. ಅದೇ ದಶಕದಲ್ಲಿ ಅಜೀಂ ಪ್ರೇಂಜಿ ಪ್ರತಿಷ್ಠಾನ ಕಂಪ್ಯೂಟರ್ ಆಧಾರಿತ ಕಲಿಕೆಗೆ ಹಲವು ಭಾಷೆಗಳಲ್ಲಿ ಸಿಡಿಗಳನ್ನು ಮಾಡಿ ಸಾವಿರಾರು ಶಾಲೆಗಳಿಗೆ ಕೊಟ್ಟಿತು. ಕೆಲವು ವರ್ಷಗಳ ಅನುಭವದ ನಂತರ, ಶಿಕ್ಷಕರ ಸಾಮರ್ಥ್ಯ ಬೆಳೆಸದೆ ಯಂತ್ರವೊಂದರಿಂದ ಆಗುವುದು ಅಲ್ಪ ಎಂದು ತೀರ್ಮಾನಿಸಿ ಆ ದಾರಿಯಿಂದ ಹಿಂದೆ ಸರಿಯಿತು. ತನ್ನದೇ ಕಾರ್ಯಕ್ರಮವನ್ನು ಹೀಗೆ ಅಳೆದು ಬದಿಗಿಟ್ಟ ಸಂಸ್ಥೆಗಳು ಹೆಚ್ಚಿಲ್ಲ.

ಹೊರಗಿನ ಅನುಭವವೂ ಇದನ್ನೇ ಹೇಳುತ್ತದೆ. ಪೆರು ದೇಶ ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯಲ್ಲಿ ಲಕ್ಷಗಟ್ಟಲೆ ಯಂತ್ರಗಳನ್ನು ಹಂಚಿತು. ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ನಡೆದ ಮೌಲ್ಯಮಾಪನ 2012ರಲ್ಲಿ ಹೊರಬಂದಾಗ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಕಲಿಕೆ ಹೆಚ್ಚಿದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ. ಇದಕ್ಕೆ ಎದುರಾಗಿ ದೆಹಲಿಯಲ್ಲಿ ‘ಮೈಂಡ್‌ಸ್ಪಾರ್ಕ್’ ತಂತ್ರಾಂಶದ ಮೇಲೆ ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್, ಅಲೆಹಾಂಡ್ರೊ ಗನಿಮಿಯನ್ ನಡೆಸಿದ ಅಧ್ಯಯನವಿದೆ. ಲಾಟರಿ ಎತ್ತಿ ಆಯ್ದ ಮಕ್ಕಳು ಶಾಲೆಯ ನಂತರ ಕೇಂದ್ರಕ್ಕೆ ಬಂದು ಕಲಿತರು. ನಾಲ್ಕೂವರೆ ತಿಂಗಳಲ್ಲೇ ಗಣಿತ, ಹಿಂದಿ ಎರಡರಲ್ಲೂ ಸ್ಪಷ್ಟ ಪ್ರಗತಿ ಕಂಡಿತು. ಏಳನೇ ತರಗತಿಯ ಮಗು ನಾಲ್ಕನೇ ತರಗತಿಯ ಲೆಕ್ಕದಲ್ಲೇ ನಿಂತಿದ್ದರೆ ತಂತ್ರಾಂಶ ಅಲ್ಲಿಂದಲೇ ಶುರು ಮಾಡುತ್ತಿತ್ತು ಎಂಬುದು ಅದರ ಗುಟ್ಟು. ನಲವತ್ತು ಮಕ್ಕಳ ಮುಂದೆ ನಿಂತ ಶಿಕ್ಷಕಿಗೆ ಕಷ್ಟವಾಗುವ ಒಂದು ಕೆಲಸವನ್ನು ಅದು ಚೆನ್ನಾಗಿ ಮಾಡಿತು. ಎಲ್ಲ ಕೆಲಸವನ್ನೂ ಮಾಡುತ್ತೇನೆಂದು ಹೊರಡಲಿಲ್ಲ.

ತೀರಾ ಅಗ್ಗದ ಯೋಚನೆಯೂ ಗೆದ್ದದ್ದುಂಟು. ಟಿವಿಯಲ್ಲಿ ಚಿತ್ರಗೀತೆ ಬರುವಾಗ ಅದೇ ಭಾಷೆಯ ಸಾಹಿತ್ಯವನ್ನು ಪರದೆಯ ಕೆಳಗೆ ಓಡಿಸಿದರೆ ಓದು ತಾನಾಗಿ ಸುಧಾರಿಸುತ್ತದೆ ಎಂದು ಅಹಮದಾಬಾದಿನ ಬ್ರಿಜ್ ಕೊಠಾರಿ 1996ರಲ್ಲಿ ಹೊರಟರು. 2002ರಲ್ಲಿ ವಿಶ್ವ ಬ್ಯಾಂಕಿನ ಜಾಗತಿಕ ಸ್ಪರ್ಧೆಯೊಂದರಲ್ಲಿ ಅದಕ್ಕೆ ಬಹುಮಾನ ಬಂತು. ಆದರೆ ಯೋಚನೆ ಸರ್ಕಾರದ ನೀತಿಯ ಮಟ್ಟ ತಲುಪಲು ಆಮೇಲೂ ಎಷ್ಟೋ ವರ್ಷ ಓಡಾಡಬೇಕಾಯಿತು. ಬಹುಮಾನ ಆ ದಾರಿಯ ಮೊದಲ ಟಿಕೆಟ್ ಮಾತ್ರ ಆಗಿತ್ತು.

ಕೊಡಗು ಬರೆದ ಪರೀಕ್ಷೆ

2020ರಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದಾಗ ದೇಶದ ಎಲ್ಲ ಶಿಕ್ಷಣ ತಂತ್ರಜ್ಞಾನಕ್ಕೂ ಒಂದೇ ಸಲ ಪರೀಕ್ಷೆ ಬಂತು. ಕರ್ನಾಟಕ ‘ವಿದ್ಯಾಗಮ’ ರೂಪಿಸಿತು. ಅದರಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಲಾಯಿತು: ಮನೆಯಲ್ಲಿ ಮೊಬೈಲೇ ಇಲ್ಲದವರು, ಇಂಟರ್‌ನೆಟ್ ಇಲ್ಲದ ಮೊಬೈಲ್ ಇರುವವರು, ಇಂಟರ್‌ನೆಟ್ ಸಹಿತ ಫೋನ್ ಇರುವವರು. ಸರ್ಕಾರಿ ಆದೇಶವೊಂದು ಮಕ್ಕಳನ್ನು ತರಗತಿಯಿಂದಲ್ಲದೆ ಫೋನಿನಿಂದ ವಿಂಗಡಿಸಿದ್ದು ಆಗಲೇ ಇರಬೇಕು. ಶಿಕ್ಷಕರು ಅರಳಿಕಟ್ಟೆ, ದೇವಸ್ಥಾನದ ಜಗಲಿ, ಸಮುದಾಯ ಭವನಗಳಲ್ಲಿ ಪಾಠ ಮಾಡಿದರು. ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ಅದು ನಿಂತು, ಮರುವರ್ಷ ಮತ್ತೆ ಶುರುವಾಯಿತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಕರೆಂಟಿದ್ದ ಮನೆಗಳಿಗೆ ತಲುಪಿದವು.

ಕೊಡಗಿನ ಉತ್ತರ ತುದಿಯ ಶನಿವಾರಸಂತೆ ಬಳಿಯ ಮುಳ್ಳೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರು 2021ರಲ್ಲಿ ಸುದ್ದಿಯಾದರು. ಮನೆಯಲ್ಲಿ ಸಿಗ್ನಲ್ ಸಿಗದ ಕಾರಣ ಅವರು ಬಿದಿರು, ಹುಲ್ಲು ಬಳಸಿ ಮರದ ಮೇಲೆ ಅಟ್ಟಣಿಗೆ ಕಟ್ಟಿ, ಅಲ್ಲಿಂದ ಆನ್‌ಲೈನ್ ಪಾಠ ಮಾಡಿದರು. ಸುದ್ದಿ ದೇಶದೆಲ್ಲೆಡೆ ಮೆಚ್ಚುಗೆಯಿಂದ ಓಡಾಡಿತು. ಆ ಮೆಚ್ಚುಗೆಯ ಒಳಗೇ ಒಂದು ವಿಮರ್ಶೆಯೂ ಇತ್ತು. ಕೋಟ್ಯಂತರ ರೂಪಾಯಿಯ ವೇದಿಕೆಗಳಿಗೂ ಮಗುವಿಗೂ ನಡುವೆ ಉಳಿದಿದ್ದ ಕೊನೆಯ ಮೈಲನ್ನು ಒಬ್ಬ ಶಿಕ್ಷಕ ತನ್ನ ಕೈಯಿಂದ ಬಿದಿರು ಕಟ್ಟಿ ದಾಟಬೇಕಾಯಿತು.

2011ರ ಜನಗಣತಿಯಲ್ಲಿ ಕೊಡಗಿನ ಸಾಕ್ಷರತೆ ನೂರಕ್ಕೆ 82ಕ್ಕೂ ಹೆಚ್ಚು. ರಾಜ್ಯದ ಸರಾಸರಿ 75ರ ಆಸುಪಾಸು. ಹಾಗಾಗಿ ಕೊಡಗು ‘ಹಿಂದುಳಿದ ಜಿಲ್ಲೆ’ಯ ಪಟ್ಟಿಗೆ ಸೇರುವುದಿಲ್ಲ, ವಿಶೇಷ ಯೋಜನೆಗಳ ಕಣ್ಣಿಗೂ ಬೇಗ ಬೀಳುವುದಿಲ್ಲ. ಆದರೆ ಸರಾಸರಿಯ ಕೆಳಗೆ ಕಾಣದವರಿದ್ದಾರೆ. ನಾಗರಹೊಳೆಯಂಚಿನ ಹಾಡಿಗಳ ಜೇನುಕುರುಬ, ಬೆಟ್ಟಕುರುಬ, ಯರವ ಮಕ್ಕಳು. ಕೊಯ್ಲಿನ ಕಾಲಕ್ಕೆ ತೋಟದಿಂದ ತೋಟಕ್ಕೆ ಹೋಗುವ ಕಾರ್ಮಿಕರ ಮಕ್ಕಳು. ಅಸ್ಸಾಮಿನಂಥ ದೂರದ ಕಡೆಯಿಂದ ಬಂದ ಕುಟುಂಬಗಳ ಮಕ್ಕಳು. ದಕ್ಷಿಣ ಕೊಡಗಿನ ತರಗತಿಯೊಂದರಲ್ಲಿ ಕೊಡವ ತಕ್ಕ್, ಯರವ, ಕುರುಬ ಭಾಷೆಗಳು, ಮಲಯಾಳ, ತುಳು ಹೀಗೆ ಹಲವು ಮನೆಮಾತುಗಳು ಅಕ್ಕಪಕ್ಕ ಕುಳಿತಿರಬಹುದು. ಬೋಧನೆ ಕನ್ನಡದಲ್ಲಿ, ಆ್ಯಪಿನ ಗುಂಡಿಗಳು ಇಂಗ್ಲಿಷಿನಲ್ಲಿ.

ಟಾಂಗಾದ ಸ್ಪರ್ಧಿಗಳು ಸ್ವಾಹಿಲಿ ಒಂದನ್ನು ನಿಭಾಯಿಸಿದರೆ ಸಾಕಿತ್ತು. ಇಲ್ಲಿನ ಸವಾಲು ಅದಕ್ಕಿಂತ ಜಟಿಲ. ಭಾಷಾ ತಂತ್ರಜ್ಞಾನಕ್ಕೆಂದು ಇರುವ ಕೇಂದ್ರ ಸರ್ಕಾರದ ‘ಭಾಷಿಣಿ’ ಯೋಜನೆ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳನ್ನು ಮುಖ್ಯವಾಗಿ ನೋಡುತ್ತದೆ. ಕೊಡವ, ಯರವ ಆ ಪಟ್ಟಿಯಲ್ಲಿಲ್ಲ. ಆದರೂ ಸಾಧನ ಕೈಯಲ್ಲಿಲ್ಲ ಎನ್ನುವಂತಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು ತೆರೆದ ‘ಸ್ಟೋರಿವೀವರ್’ ವೇದಿಕೆಯಲ್ಲಿ ಮಕ್ಕಳ ಕಥೆಗಳನ್ನು ಯಾರು ಬೇಕಾದರೂ ತಮ್ಮ ಭಾಷೆಗೆ ತಂದು, ಮುದ್ರಿಸಿ ಹಂಚಬಹುದು. ಗೂಗಲ್ ಸಂಸ್ಥೆಯ ದಾನ ಹಣವೂ ಅದರ ಬೆಳವಣಿಗೆಗೆ ಬಂತು. ಯರವ ಮಗುವಿಗೆ ತನ್ನ ಮಾತಿನಲ್ಲಿ ಹತ್ತು ಕಥೆ ಸಿಗಲು ಕೃತಕ ಬುದ್ಧಿಮತ್ತೆ ಬರುವ ತನಕ ಕಾಯಬೇಕಾಗಿಲ್ಲ. ಆ ಮಾತು ಬಲ್ಲ ಇಬ್ಬರು, ಒಂದು ಕಂಪ್ಯೂಟರ್, ಮುದ್ರಣಕ್ಕೆ ಸ್ವಲ್ಪ ಹಣ ಸಾಕು. ಇದಕ್ಕೆ ಬಹುಮಾನ ಇಡುವವರು ಬೇಕು.

ಮೈದಾನದ ಲೆಕ್ಕ

ಸ್ಪರ್ಧೆಯನ್ನು ಹೇಗೆ ಕಟ್ಟಬೇಕೆಂದು ಕೊಡಗಿಗೆ ಬೇರೆಯವರು ಕಲಿಸಬೇಕಾಗಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕೌಟುಂಬಿಕ ಹಾಕಿ ಉತ್ಸವ ಶುರು ಮಾಡಿದಾಗ ಆಡಿದ್ದು 60 ಒಕ್ಕಗಳ, ಅಂದರೆ ಕೊಡವ ಮನೆತನಗಳ, ತಂಡಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಕಪ್ ಒಂದು ಒಕ್ಕಕ್ಕೆ ಹೋಗುತ್ತದೆ. ಆದರೆ ಅಜ್ಜನಿಂದ ಮೊಮ್ಮಗಳವರೆಗೆ ಸಾವಿರಾರು ಮಂದಿ ಕೋಲು ಹಿಡಿದು ಮೈದಾನಕ್ಕಿಳಿದದ್ದೇ ಉತ್ಸವದ ಸಾಧನೆ. ಪ್ರತಿ ವರ್ಷ ಬೇರೆ ಒಕ್ಕ ಹೊಣೆ ಹೊರುತ್ತದೆ. ಹೊಣೆ ತಿರುಗುವುದರಿಂದಲೇ ಉತ್ಸವ ಒಬ್ಬರ ಸ್ವತ್ತಾಗದೆ ಉಳಿದಿದೆ.

ಕಲಿಕೆಯಲ್ಲೂ ಕರ್ನಾಟಕಕ್ಕೆ ಇಂಥದೇ ಮಾದರಿ ಇದೆ. 2000ದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಕ್ಷರ ಫೌಂಡೇಶನ್ ಸರ್ಕಾರದ ಜೊತೆ ಸೇರಿ ‘ಗಣಿತ ಕಲಿಕಾ ಆಂದೋಲನ’ ನಡೆಸಿತು. ಅದರಲ್ಲಿ ಮಣಿ, ಅಳತೆಪಟ್ಟಿ, ಆಕಾರಗಳಿರುವ ಕಿಟ್ ಪೆಟ್ಟಿಗೆಯೇ ಮುಖ್ಯ ಸಾಧನ. ಅದರ ಜೊತೆಗೆ ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳು ಬಂದವು. ಸರ್ಕಾರಿ ಶಾಲೆಯ ನಾಲ್ಕರಿಂದ ಆರನೇ ತರಗತಿಯ ಮಕ್ಕಳು ಒಂದು ಕಡೆ ಸೇರಿ ಪರೀಕ್ಷೆ ಬರೆಯುತ್ತಾರೆ. ಪೋಷಕರು, ಪಂಚಾಯಿತಿ ಸದಸ್ಯರು ನೋಡುತ್ತಾರೆ. ಬಹುಮಾನವನ್ನು ಅಲ್ಲೇ ಹಂಚಲಾಗುತ್ತದೆ. ಯಾವ ಲೆಕ್ಕದಲ್ಲಿ ಊರಿನ ಮಕ್ಕಳು ಎಡವುತ್ತಾರೆ ಎಂಬುದು ಆ ದಿನವೇ ಊರಿಗೆ ಗೊತ್ತಾಗುತ್ತದೆ. ಸಾಧನ ತಯಾರಿಸುವವರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಪತ್ರಿಕೆ ಬೇರೆಲ್ಲಿ ಸಿಗುತ್ತದೆ?

ಷರತ್ತುಗಳು ಊರಿನಿಂದ ಬರಲಿ

ಹಾಗಾದರೆ ಹುದಿಕೇರಿಯನ್ನು ಪರೀಕ್ಷಾ ಮೈದಾನವೆಂದು ಇಟ್ಟುಕೊಂಡ ಸ್ಪರ್ಧೆಯ ಷರತ್ತುಪತ್ರ ಹೇಗಿರಬೇಕು? ಪ್ರಯೋಗ ಜೂನ್‌ನಿಂದ ಸೆಪ್ಟೆಂಬರ್ ತನಕ ನಡೆಯಬೇಕು, ಬೇಸಿಗೆಯಲ್ಲಿ ಡೆಮೊ ತೋರಿಸಿ ಹೋಗುವಂತಿಲ್ಲ. ಸಾಧನ ಇಂಟರ್‌ನೆಟ್ ಇಲ್ಲದೆ ವಾರಗಟ್ಟಲೆ ಓಡಬೇಕು, ತೇವ ತಡೆಯಬೇಕು, ಚಾರ್ಜಿಗೆ ಬೇರೆ ದಾರಿ ಇರಬೇಕು. ಜುಲೈಯ ಮೋಡದಲ್ಲಿ ಸೌರಫಲಕವನ್ನೇ ನಂಬಿ ಕೂರುವಂತಿಲ್ಲ ಎಂಬುದು ಟಾಂಗಾಕ್ಕೂ ಕೊಡಗಿಗೂ ಇರುವ ದೊಡ್ಡ ವ್ಯತ್ಯಾಸ. ಮಗುವಿನ ಮನೆಮಾತಿನಿಂದ ಕನ್ನಡಕ್ಕೆ ಬರುವ ಮೆಟ್ಟಿಲು ಇರಬೇಕು. ತೀರ್ಪುಗಾರರಲ್ಲಿ ಶಿಕ್ಷಕಿ, ಅಂಗನವಾಡಿ ಕಾರ್ಯಕರ್ತೆ, ಹಾಡಿಯ ತಾಯಿಯೊಬ್ಬರು ಇರಬೇಕು. ಅಂಕ ಸಲ್ಲಬೇಕಾದದ್ದು ಮಕ್ಕಳ ಓದಿನ ವ್ಯತ್ಯಾಸಕ್ಕೆ. ಎಲ್ಲರಿಗಿಂತ ಹಿಂದೆ ಇದ್ದ ಮಕ್ಕಳ ಪ್ರಗತಿಗೆ ಹೆಚ್ಚು ಅಂಕ. ಸಾರ್ವಜನಿಕ ಹಣ ಬಂದರೆ ಮೂಲಸಂಕೇತ ಸಾರ್ವಜನಿಕರದ್ದು.

ಯಂತ್ರ ಇಡಲು ಜಾಗ ಈಗಾಗಲೇ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ಐದು ಸಾವಿರಕ್ಕೂ ಹೆಚ್ಚು ಕಡೆ ‘ಅರಿವು ಕೇಂದ್ರ’ಗಳಾಗಿವೆ, ಹಲವೆಡೆ ಕಂಪ್ಯೂಟರ್‌ಗಳೂ ಬಂದಿವೆ. ಶಾಲೆಗೆ ರಜೆ ಸಾರಿದ ಮಳೆಯ ವಾರದ ನಂತರ ಮಗು ಹಿಂದೆ ಬಿದ್ದ ಪಾಠವನ್ನು ಅಲ್ಲಿ ಹಿಡಿಯಬಹುದು.

ಇನ್ನು ಹಣ. ಬಹುಮಾನಕ್ಕಿಂತ ಬಲವಾದ ಒಂದು ಉಪಾಯವನ್ನು ಅರ್ಥಶಾಸ್ತ್ರಜ್ಞರು ಲಸಿಕೆಯ ವಿಷಯದಲ್ಲಿ ಬಳಸಿದ್ದಾರೆ. ಬಡ ದೇಶಗಳ ಮಕ್ಕಳ ನ್ಯುಮೋಕಾಕಲ್ ಲಸಿಕೆಗೆ 2007ರಲ್ಲಿ ಕೆಲವು ಸರ್ಕಾರಗಳು ಮತ್ತು ಗೇಟ್ಸ್ ಪ್ರತಿಷ್ಠಾನ 150 ಕೋಟಿ ಡಾಲರ್ ಮೀಸಲಿಟ್ಟು, ಗುಣಮಟ್ಟ ಮುಟ್ಟಿದ ಲಸಿಕೆಯನ್ನು ಕೊಳ್ಳುವ ಭರವಸೆ ಕೊಟ್ಟವು. ಈ ಯೋಚನೆಯನ್ನು ಬೆಳೆಸಿದವರಲ್ಲಿ 2019ರ ನೊಬೆಲ್ ಪುರಸ್ಕೃತ ಮೈಕೆಲ್ ಕ್ರೀಮರ್ ಒಬ್ಬರು. ಶಿಕ್ಷಣ ಇಲಾಖೆಯೂ ಹೀಗೆ ಹೇಳಬಹುದು: ಮಲೆನಾಡಿನ ಇಪ್ಪತ್ತು ಶಾಲೆಗಳಲ್ಲಿ ಒಂದು ಮಳೆಗಾಲ ಓಡಿ, ಇಷ್ಟು ಮಕ್ಕಳನ್ನು ಇಷ್ಟು ಮುಂದೆ ತಂದ ಸಾಧನವನ್ನು ಇಡೀ ಜಿಲ್ಲೆಗೆ ಐದು ವರ್ಷ ಕೊಳ್ಳುತ್ತೇವೆ, ರಿಪೇರಿಯ ಖರ್ಚು ಸಹಿತ. ಒಂದು ದಿನದ ಚೆಕ್ಕಿಗಿಂತ ಇಂಥ ಮಾತು ತಯಾರಕರನ್ನು ಹೆಚ್ಚು ಕಾಲ ಊರಿನಲ್ಲಿ ನಿಲ್ಲಿಸುತ್ತದೆ. ಎಕ್ಸ್‌ಪ್ರೈಜ್ ಗೆದ್ದ ಒನ್‌ಬಿಲಿಯನ್ನಿನ ತಂತ್ರಾಂಶ ಇಂದು ಆಫ್ರಿಕಾದ ಮಲಾವಿಯಲ್ಲಿ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಮುಟ್ಟುವ ಗುರಿಯತ್ತ ಸಾಗಿರುವುದು ಬಹುಮಾನದ ಹಣದಿಂದಷ್ಟೇ ಅಲ್ಲ. ಅಲ್ಲಿನ ಸರ್ಕಾರ ಅದನ್ನು ತನ್ನ ಕಾರ್ಯಕ್ರಮವೆಂದು ಒಪ್ಪಿಕೊಂಡಿದೆ.

ಅಷ್ಟು ದೊಡ್ಡದಕ್ಕೆ ಕಾಯದೆ ಶುರು ಮಾಡಬಹುದಾದ ಸಣ್ಣ ತಿದ್ದುಪಡಿಯೂ ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಅಂತಿಮ ವರ್ಷದ ಪ್ರಾಜೆಕ್ಟು ಮಳೆ ಹಿಡಿಯುವ ಹೊತ್ತಿಗೆ ಮುಗಿಯುತ್ತದೆ. ಮಾದರಿ ಪ್ರದರ್ಶನಕ್ಕೆ ಹೋಗುತ್ತದೆ, ವಿದ್ಯಾರ್ಥಿ ಕೆಲಸಕ್ಕೆ ಹೋಗುತ್ತಾನೆ, ಮೊದಲ ಗಾಳಿಮಳೆಯಲ್ಲಿ ಏನಾಯಿತೆಂದು ನೋಡಲು ಯಾರೂ ಉಳಿಯುವುದಿಲ್ಲ. ಒಂದು ಬ್ಯಾಚು ಕಟ್ಟಿದ್ದನ್ನು ಮುಂದಿನ ಬ್ಯಾಚು ಅದೇ ಶಾಲೆಗೆ ಹೋಗಿ ರಿಪೇರಿ ಮಾಡಿ, ಸುಧಾರಿಸಿ, ಮಕ್ಕಳ ಓದನ್ನು ಮತ್ತೊಮ್ಮೆ ಅಳೆದರೆ ಅದಕ್ಕೂ ಹೊಸ ಆವಿಷ್ಕಾರಕ್ಕೆ ಕೊಡುವಷ್ಟೇ ಅಂಕ, ಅಷ್ಟೇ ನೆರವು ಕೊಡಲಿ. ರಿಪೇರಿಗೆ ಬಹುಮಾನ ಕೊಡುವ ಸ್ಪರ್ಧೆ ನಮ್ಮಲ್ಲಿ ಇನ್ನೂ ಬರಬೇಕಾಗಿದೆ, ಮಳೆಯೂರುಗಳ ಶಾಲೆಗಳಿಗೆ ಮೊದಲು ಬೇಕಾಗಿರುವುದೂ ಅದೇ.